ಸೈಕಲ್ಲಿನ ಗಾಳಿ: ತಾಯಿತಂದೆಗಳಿಗೊಂದು ಬಿನ್ನಹ

ಈ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಬರೆದು ಕೊಡಬೇಕೆಂದು ಸಂಪಾದಕಿಯರು ನನ್ನನ್ನು ಕೇಳಿಕೊಂಡಾಗ, ಶಾಲೆಯ ಹಳೆಯ ದಿನಗಳ ನೆನಪೋ, ಸ್ತ್ರೀವಿದ್ಯಾಭ್ಯಾಸದ ಮಹತ್ವವೋ ಅವರ ಮನಸ್ಸಿನಲ್ಲಿ ಇದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರುಂಟು. ನಾನು ಬರೆಯಲಿಚ್ಛಿಸುವದು ಸೈಕಲ್ಲಿಗೆ ಗಾಳಿ ಹಾಕುವ ಪಂಪಿನ ವಿಷಯವನ್ನು, ಮತ್ತು ಆ ಸೈಕಲ್ಲಿನ ಫ್ರೇಮನ್ನು ತುಕ್ಕಿನಿಂದಲೂ ಗೀರುಗಳಿಂದಲೂ ಕಾಪಾಡುವ ಕೆಲವು ಸುಲಭವಾದ ಉಪಾಯಗಳನ್ನು. ಓದುವವರು ನಗಬಹುದು. ನಕ್ಕ ಮೇಲೆ ದಯವಿಟ್ಟು ಮುಂದಕ್ಕೂ ಓದಬೇಕೆಂದು ಅರಿಕೆ.

ನಾನು ಅಧ್ಯಾಪಕಿಯ ಕೆಲಸದಿಂದ ನಿವೃತ್ತಳಾಗಿ ಧಾರವಾಡಕ್ಕೆ ಮರಳಿದ ಮೇಲೆ, ನಮ್ಮ ಓಣಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದಿನಾಲು ಬೆಳಿಗ್ಗೆ ನಮ್ಮ ಮನೆಯ ಮುಂದಿನಿಂದ ಸೈಕಲ್ಲಿನ ಮೇಲೆ ಶಾಲೆಗೆ ಹೋಗುತ್ತಿದ್ದಳು. ಒಮ್ಮೆ ಹತ್ತು ಹನ್ನೆರಡು ದಿವಸ ಅವಳು ಕಾಣಲಿಲ್ಲ. ಜ್ವರವೇನಾದರೂ ಬಂದಿತೋ ಎಂದು ವಿಚಾರಿಸಲು ಹೋದರೆ, ಹುಡುಗಿ ಅಂಗಳದಲ್ಲಿ ಆರೋಗ್ಯವಾಗಿಯೇ ಪಾತ್ರೆ ತಿಕ್ಕುತ್ತಿದ್ದಳು. ಸೈಕಲ್ಲು ಗೋಡೆಗೆ ಒರಗಿತ್ತು. "ಪಂಕ್ಚರ್ ಆಗೇತ್ರೀ ಅಕ್ಕೋರ. ಅಪ್ಪಾ ಐತವಾರ ಅಂಗಡಿಗೆ ಒಯ್ತೀನಿ ಅಂದಾನ್ರೀ," ಎಂದಳು. ಅಂಥ ಐತವಾರ ಒಂದು ಆಗಲೇ ಕಳೆದು ಹೋಗಿತ್ತು. ಬಸ್ಸು ಅವಳ ಶಾಲೆಯ ಹೊತ್ತಿಗೆ ಬರುವದಿಲ್ಲ. ನಡೆದು ಹೋದರೆ ಒಂದು ತಾಸು. ಸಂಜೆ ಕತ್ತಲಾಗುವದೆಂದು ಅಜ್ಜಿಯ ತಕರಾರು. ನಾನು ಕೂತು ವಾಲ್ವನ್ನು ಬಿಚ್ಚಿ ನೋಡಿದೆನು. ಪಂಕ್ಚರು ಆಗಿಯೇ ಇರಲಿಲ್ಲ. ವಾಲ್ವಿನ ಕಡ್ಡಿಯ ಮೇಲಿರುವ, ಕಿರುಬೆರಳಿನ ಉದ್ದವೂ ಇಲ್ಲದ ರಬ್ಬರಿನ ನಳಿಕೆ ಒಣಗಿ ಸೀಳಿತ್ತು. ಒಂದೆರಡು ರೂಪಾಯಿಯ ಪದಾರ್ಥ. ಅದನ್ನು ಬದಲಿಸಿ, ನಮ್ಮ ಮನೆಯಿಂದ ಪಂಪನ್ನು ತರಿಸಿ ಗಾಳಿ ಹಾಕಿದೆವು. ಕಾಲು ಗಂಟೆಯ ಕೆಲಸವಾಯಿತು. ಆ ಕಾಲು ಗಂಟೆಯ ಕೆಲಸಕ್ಕಾಗಿ ಅವಳು ಎಂಟು ದಿವಸದ ಪಾಠಗಳನ್ನು ಕಳೆದುಕೊಂಡಿದ್ದಳು. ಇನ್ನೊಂದು ತಿಂಗಳು ಹೀಗೆಯೇ ಹೋಗಿದ್ದರೆ "ಸಾಕು, ಮನೆಯಲ್ಲಿಯೇ ಇರಲಿ" ಎಂಬ ಮಾತು ಹುಟ್ಟುತ್ತಿತ್ತೆಂದು ಅವಳ ತಾಯಿಯೇ ಆಮೇಲೆ ನನಗೆ ಹೇಳಿದರು.

ಸೈಕಲ್ಲಿನಿಂದ ಹೆಣ್ಣು ಮಕ್ಕಳ ವಿದ್ಯೆಗೆ ಎಷ್ಟು ಸಹಾಯವಾಗುವದೆಂಬುದು ಈಗ ಬರೀ ಅಭಿಪ್ರಾಯದ ಮಾತಾಗಿ ಉಳಿದಿಲ್ಲ. ಬಿಹಾರ ಸರಕಾರವು 2006ರಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರಿಗೆ ಸೈಕಲ್ಲು ಕೊಳ್ಳಲು ಹಣ ಕೊಡತೊಡಗಿತು. ಅದರ ಪರಿಣಾಮವನ್ನು ಪರೀಕ್ಷಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಅದರಿಂದ ನೂರಕ್ಕೆ 32ರಷ್ಟು ಹೆಚ್ಚಿತೆಂದೂ, ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರವು ನೂರಕ್ಕೆ 40ರಷ್ಟು ಕಡಿಮೆಯಾಯಿತೆಂದೂ ತೋರಿಸಿದರು. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆ ಆರಂಭವಾಗಿ, 2020ರ ಸಾಂಕ್ರಾಮಿಕದ ಕಾಲದವರೆಗೆ ನಡೆಯಿತು. ಆ ವರುಷಗಳಲ್ಲಿ ಹಳ್ಳಿಯ ದಾರಿಯಲ್ಲಿ ಒಂದೇ ಬಗೆಯ ಸೈಕಲ್ಲುಗಳ ಮೇಲೆ ಸಾಲಾಗಿ ಬರುವ ಹುಡುಗಿಯರನ್ನು ನೋಡಿ ಸಂತೋಷಪಡದವರು ಯಾರು? ಆದರೆ ಎರಡು ವರುಷ ಕಳೆದ ಮೇಲೆ ಅವುಗಳಲ್ಲಿ ಹಲವು, ಟಯರು ನೆಲಕ್ಕೆ ಅಂಟಿ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬಗಳಾಗಿ ನಿಂತದ್ದನ್ನೂ ನಾನು ನೋಡಿದ್ದೇನೆ. ಆದ ಕಾರಣ ನನ್ನ ಅಭಿಪ್ರಾಯವೇನಂದರೆ, ಮಗಳಿಗೆ ಸೈಕಲ್ಲನ್ನು ಕೊಡಿಸಿ ಪಂಪನ್ನು ಕೊಡಿಸದಿರುವದು ದೀಪವನ್ನು ಕೊಡಿಸಿ ಎಣ್ಣೆಯನ್ನು ಕೊಡದಿರುವ ಹಾಗೆ. ಗಂಟೆ, ಬುಟ್ಟಿ, ಹ್ಯಾಂಡಲಿನ ತುದಿಗೆ ಬಣ್ಣದ ಕುಚ್ಚು ಇವೆಲ್ಲಕ್ಕೂ ಹಣ ಕೊಡುವ ತಂದೆಯು ಪಂಪಿನ ಮಾತು ಬಂದಾಗ "ಅಂಗಡಿಯವನು ಇದ್ದಾನಲ್ಲ" ಎನ್ನುತ್ತಾನೆ.

ಇನ್ನು ಪಂಪನ್ನು ಆರಿಸುವ ಬಗೆ. ಮೊದಲು ನೋಡತಕ್ಕದ್ದು ಪಂಪನ್ನಲ್ಲ, ಸೈಕಲ್ಲಿನ ವಾಲ್ವನ್ನು. ನಮ್ಮಲ್ಲಿಯ ಸಾಧಾರಣ ಸೈಕಲ್ಲುಗಳಿಗೆಲ್ಲ ಹೆಚ್ಚಾಗಿ ಡನ್‌ಲಪ್ ವಾಲ್ವು ಇರುವದು. ಮೇಲೆ ಹೇಳಿದ ರಬ್ಬರಿನ ನಳಿಕೆ ಇರುವಂಥಾದ್ದು ಅದೇ. ಗೇರುಗಳುಳ್ಳ ಹೊಸ ತರದ ದಪ್ಪ ಟಯರಿನ ಸೈಕಲ್ಲುಗಳಿಗೆ ಮೋಟಾರು ಸೈಕಲ್ಲಿಗೆ ಇರುವಂಥ ಶ್ರೇಡರ್ ವಾಲ್ವು ಇರುವದು. ಓಟದ ತೆಳು ಟಯರುಗಳಿಗೆ ಪ್ರೆಸ್ಟಾ ಎಂಬ ಸಪೂರವಾದ ಮೂರನೆಯ ಬಗೆಯುಂಟು. ಶಾಲೆಯ ಮಕ್ಕಳಿಗೆ ಅದರ ಗೊಡವೆ ಬೇಡ. ಒಂದಕ್ಕೆ ಹೊಂದುವ ಪಂಪಿನ ಬಾಯಿ ಮತ್ತೊಂದಕ್ಕೆ ಹೊಂದದೆ ಇರಬಹುದು. ಹೊಸ ಪಂಪನ್ನು ತಂದು ಅದು ಕೂಡ್ರುವದಿಲ್ಲವೆಂದು ಮೂಲೆಗೆ ಎಸೆದ ಮನೆಗಳನ್ನು ನಾನು ಬಲ್ಲೆನು. ಆದುದರಿಂದ ಅಂಗಡಿಗೆ ಹೋಗುವಾಗ ಸೈಕಲ್ಲನ್ನೇ ಸಂಗಡ ತೆಗೆದುಕೊಂಡು ಹೋಗಿ, ಕೂಡಿಸಿ ನೋಡಿಯೇ ಹಣ ಕೊಡತಕ್ಕದ್ದು.

ಎರಡನೆಯದಾಗಿ ಕೊಳವೆಯ ಅಗಲ. ಇದನ್ನು ಯಾರೂ ನೋಡುವದಿಲ್ಲ. ಆದರೆ ಹುಡುಗಿಯ ಕೈಯಲ್ಲಿ ಪಂಪು ನಡೆಯುವದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಸಾಧಾರಣ ಸೈಕಲ್ಲಿನ ಟಯರಿಗೆ ಚದರ ಅಂಗುಲಕ್ಕೆ ಸುಮಾರು 40 ಪೌಂಡಿನ ಒತ್ತಡ ಬೇಕು (ಟಯರಿನ ಪಕ್ಕದಲ್ಲಿ ಬರೆದಿರುವದನ್ನು ಓದಿಕೊಳ್ಳಬಹುದು). ಕೊಳವೆಯ ಒಳಗಿನ ಅಗಲವು 20 ಮಿಲಿಮೀಟರಾಗಿದ್ದರೆ, ಕಡೆಯ ಹೊಡೆತಗಳಲ್ಲಿ ಹಿಡಿಯ ಮೇಲೆ ಸುಮಾರು 9 ಕಿಲೋ ಭಾರವನ್ನು ಹಾಕಬೇಕಾಗುವದು. ಅಗಲ 30 ಮಿಲಿಮೀಟರಾದರೆ ಸುಮಾರು 20 ಕಿಲೋ. ಅಗಲವು ಒಂದೂವರೆ ಪಾಲು ಹೆಚ್ಚಿದರೆ ಭಾರವು ಎರಡು ಪಾಲಿಗೂ ಮೀರುವದು. ವೃತ್ತದ ಕ್ಷೇತ್ರಫಲದ ಲೆಕ್ಕವನ್ನು ನಮ್ಮ ಶಾಲೆಯಲ್ಲಿ ಕಲಿತವರು ಇದನ್ನು ತಾವೇ ಮಾಡಿ ನೋಡಬಹುದು. ಹಾಗಾದರೆ ಸಣ್ಣ ಕೊಳವೆಯೇ ಮೇಲೆಂದು ಹೇಳಬಹುದೇ? ಅದೂ ಅಲ್ಲ. ಸಣ್ಣ ಪಂಪಿನಿಂದ ಬರಿದಾದ ಟಯರೊಂದನ್ನು ತುಂಬಲು ನೂರು ಹೊಡೆತಗಳಾದರೂ ಬೇಕು. ದೊಡ್ಡದರಿಂದ ಇಪ್ಪತ್ತು ಇಪ್ಪತ್ತೈದಕ್ಕೆ ಮುಗಿಯುವದು. ದೊಡ್ಡ ಪಂಪನ್ನು ನೆಲದ ಮೇಲೆ ಊರಿ, ಅದರ ಪಾದವನ್ನು ಕಾಲಿನಿಂದ ಮೆಟ್ಟಿ, ನಿಂತುಕೊಂಡು ಮೈಯ ಭಾರದಿಂದಲೇ ಒತ್ತುವದರಿಂದ 20 ಕಿಲೋ ಎಂಬುದು ಹನ್ನೆರಡು ವರುಷದ ಹುಡುಗಿಗೆ ಕಷ್ಟವಾಗದು. ಅದೇ ಭಾರವನ್ನು ಕೂತುಕೊಂಡು ತೋಳಿನ ಬಲದಿಂದ ಒತ್ತಬೇಕೆಂದರೆ ಅವಳಿಂದ ಆಗದು. ಆದ ಕಾರಣ ಮನೆಗೆ ನಿಂತು ಹೊಡೆಯುವ ಪಂಪು. ದೂರದ ದಾರಿ ಇದ್ದವರಿಗೆ ಮಾತ್ರ ಸೈಕಲ್ಲಿಗೆ ಕಟ್ಟಿಕೊಳ್ಳುವ ಸಣ್ಣ ಪಂಪು. ಎರಡರಲ್ಲಿ ಒಂದನ್ನೇ ಕೊಳ್ಳಬಲ್ಲವರು ಸಂದೇಹವಿಲ್ಲದೆ ದೊಡ್ಡದನ್ನೇ ಕೊಳ್ಳಲಿ.

ಮೂರನೆಯದು, ನನ್ನ ಮತದಲ್ಲಿ ಎಲ್ಲಕ್ಕೂ ಮುಖ್ಯವಾದದ್ದು, ಒಳಗಿನ ವಾಷರು. ಹಳೆಯ ಬಗೆಯ ಪಂಪುಗಳಲ್ಲಿ ಬಟ್ಟಲಿನ ಆಕಾರದ ಚರ್ಮದ ವಾಷರು ಇರುತ್ತದೆ. ಹಿಡಿಯನ್ನು ಕೆಳಗೆ ಒತ್ತಿದಾಗ ಅದರ ಅಂಚು ಅಗಲವಾಗಿ ಕೊಳವೆಯ ಗೋಡೆಗೆ ಅಂಟಿಕೊಂಡು ಗಾಳಿಯನ್ನು ಮುಂದಕ್ಕೆ ನೂಕುವದು. ಮೇಲಕ್ಕೆ ಎಳೆದಾಗ ಅಂಚು ಮುದುಡಿ ಹೊಸ ಗಾಳಿಗೆ ದಾರಿ ಬಿಡುವದು. ಇಷ್ಟೇ ಅದರ ರಹಸ್ಯ. ಚರ್ಮ ಒಣಗಿದರೆ ಅಂಚು ಗೋಡೆಗೆ ಅಂಟದೆ, ಎಷ್ಟು ಹೊಡೆದರೂ ಗಾಳಿ ಹಿಂದಕ್ಕೇ ಸೋರುವದು. ಆಗ ಪಂಪು ಕೆಟ್ಟಿತೆಂದು ಹೊಸದನ್ನು ಕೊಳ್ಳುವವರು ಬಹಳ. ಮೇಲಿನ ಮುಚ್ಚಳವನ್ನು ತಿರುವಿ ತೆಗೆದು, ಚರ್ಮದ ಅಂಚನ್ನು ಬೆರಳಿನಿಂದ ಅಗಲಿಸಿ, ನಾಲ್ಕು ಹನಿ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೆ ಅದು ಪುನಃ ಜೀವ ತಾಳುವದು. ಚರ್ಮ ಹರಿದಿದ್ದರೆ ಕೆಲವೇ ರೂಪಾಯಿಗೆ ಬೇರೆ ವಾಷರು ಸಿಕ್ಕುವದು. ಆದರೆ ಈ ಎಣ್ಣೆಯನ್ನು ವಾಲ್ವಿನ ರಬ್ಬರಿನ ನಳಿಕೆಗೆ ಮಾತ್ರ ಮುಟ್ಟಿಸಬಾರದು. ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವದು. ನಳಿಕೆಯನ್ನು ಏರಿಸುವಾಗ ನೀರಿನಿಂದ ಒದ್ದೆ ಮಾಡಿಕೊಂಡರೆ ಸಾಕು.

ಇದರಿಂದ ಅಗ್ಗವೆಂಬ ಮಾತಿನ ಅರ್ಥವು ತಿಳಿದು ಬರುವದು. ಬಿಚ್ಚಲು ಬಾರದ ಹಾಗೆ ಅಂಟಿಸಿದ ಪ್ಲಾಸ್ಟಿಕಿನ ಪಂಪು 150 ರೂಪಾಯಿಗೆ ಸಿಕ್ಕಬಹುದು, ಬಿಚ್ಚಲು ಬರುವ ಕಬ್ಬಿಣದ ಪಂಪಿಗೆ ಅದರ ಎರಡು ಮೂರು ಪಾಲು ಕೊಡಬೇಕಾಗಬಹುದು. ಮೊದಲನೆಯದು ಒಂದು ಬೇಸಿಗೆಗೆ ಮುಗಿಯುವದು. ನಮ್ಮ ಮನೆಯ ಕಬ್ಬಿಣದ ಪಂಪಿಗೆ ನಾನು ಈ ವರೆಗೆ ಮೂರು ವಾಷರು ಹಾಕಿದ್ದೇನೆ. ಅದು ನನಗಿಂತ ಮೊದಲು ಹೋಗುವದೆಂದು ತೋರುವದಿಲ್ಲ. ಬ್ಯಾಟರಿಯಿಂದ ತಾನೇ ಗಾಳಿ ತುಂಬುವ ಪೆಟ್ಟಿಗೆಗಳೂ ಈಗ ಬಂದಿವೆ. ಕಾರುಳ್ಳವರಿಗೆ ಅವು ತಕ್ಕವು. ಒಂದು ಸೈಕಲ್ಲಿಗಾಗಿ ಅವನ್ನು ಕೊಳ್ಳುವದು ವ್ಯರ್ಥವೆಂದೇ ಹೇಳುವೆನು. ಒಳಗಿನ ಬ್ಯಾಟರಿ ಕೆಟ್ಟರೆ ನಮ್ಮ ಊರಿನಲ್ಲಿ ಅದನ್ನು ಸರಿಪಡಿಸುವವರು ಸಿಕ್ಕುವದು ದುರ್ಲಭ.

ಅಂಗಡಿಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಪಂಪಿನ ನಳಿಕೆಯ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಒತ್ತಿರಿ. ಹಿಡಿಯು ಬುಗ್ಗೆಯಂತೆ ಹಿಂದಕ್ಕೆ ಎದ್ದರೆ ವಾಷರು ಚೆನ್ನಾಗಿದೆ. ಮೆಲ್ಲಗೆ ಕೆಳಗಿಳಿದು ಕೂತರೆ ಎಲ್ಲಿಯೋ ಸೋರುತ್ತಿದೆ. ನಳಿಕೆಯ ಎರಡೂ ತುದಿಗಳಿಗೆ ಲೋಹದ ಬಿಗಿಪಟ್ಟಿ ಇದೆಯೇ, ಪಾದವು ಅಗಲವಾಗಿದೆಯೇ ಎಂದು ನೋಡಿರಿ. ಒತ್ತಡವನ್ನು ತೋರಿಸುವ ಮುಳ್ಳಿನ ಗಡಿಯಾರದಂಥಾದ್ದು ಇದ್ದರೆ ಒಳ್ಳೆಯದು, ಆದರೆ ಅಗ್ಗದ ಪಂಪುಗಳಲ್ಲಿ ಅದರ ಮಾತನ್ನು ಪೂರಾ ನಂಬಬೇಡಿರಿ. ಹುಡುಗಿ ಸೀಟಿನ ಮೇಲೆ ಕೂತಾಗ ಹಿಂದಿನ ಟಯರು ನೆಲದ ಹತ್ತಿರ ತುಸುವೇ ಉಬ್ಬಿದರೆ ಗಾಳಿ ಸರಿಯಾಗಿದೆ; ರಿಮ್ಮು ನೆಲಕ್ಕೆ ಹತ್ತುವಂತೆ ಕಂಡರೆ ಸಾಲದು. ಕಡಿಮೆ ಗಾಳಿಯಲ್ಲಿ ಕಲ್ಲಿನ ಮೇಲೆ ಹಾಯ್ದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುವದು. ಜಾಲಿಯ ಮುಳ್ಳಿನಿಂದಾದ ಪಂಕ್ಚರಿಗೆ ಒಂದೇ ತೂತು. ಎರಡು ತೂತು ಕಂಡರೆ ತಪ್ಪು ದಾರಿಯದಲ್ಲ, ನಮ್ಮದೇ. ವಾರಕ್ಕೊಮ್ಮೆ ಒಂದು ನಿಶ್ಚಿತ ದಿವಸ ಗಾಳಿಯನ್ನು ನೋಡುವ ರೂಢಿ ಇಟ್ಟುಕೊಂಡ ಮನೆಗಳಲ್ಲಿ ಟಯರುಗಳು ಎರಡು ಪಾಲು ಬಾಳುವದನ್ನು ನಾನು ಕಂಡಿದ್ದೇನೆ.

ಈಗ ಫ್ರೇಮಿನ ವಿಷಯ. ನಾನು ಹದಿನಾಲ್ಕು ವರುಷ ಉಡುಪಿಯ ಸೀಮೆಯಲ್ಲಿ ಸಮುದ್ರದ ಹತ್ತಿರವೇ ಕೆಲಸದಲ್ಲಿದ್ದೆನು. ಅಲ್ಲಿ ವರುಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ. ಧಾರವಾಡದಲ್ಲಿ ಅದರ ಕಾಲು ಭಾಗವೂ ಇಲ್ಲ. ಅದರ ಮೇಲೆ ಕಡಲಿನ ಉಪ್ಪುಗಾಳಿ. ಬಣ್ಣವು ಸಾಸಿವೆ ಕಾಳಿನಷ್ಟು ಎದ್ದರೆ ಒಂದು ಮಳೆಗಾಲದೊಳಗೆ ಅಲ್ಲಿ ಕಬ್ಬಿಣವು ಚಕ್ಕೆಯಾಗಿ ಏಳುವದು. ನಮ್ಮ ಬಯಲು ಸೀಮೆಯಲ್ಲಿ ತುಕ್ಕು ಅಷ್ಟು ಚುರುಕಲ್ಲ, ಆದರೆ ಎರಿಯ ಮಣ್ಣಿನ ಉಪದ್ರವವಿದೆ: ಹಸಿ ಎರಿ ಮಡ್‌ಗಾರ್ಡಿನ ಒಳಗೆ ತುಂಬಿ, ಚಕ್ರವೇ ತಿರುಗದ ಹಾಗೆ ಹಿಡಿದುಕೊಂಡು, ಫ್ರೇಮಿನ ಬಣ್ಣವನ್ನು ಉಜ್ಜಿ ತೆಗೆಯುವದು. ಒಂದು ಕಡ್ಡಿಯಿಂದ ಅದನ್ನು ಆಗಿಂದಾಗ್ಗೆ ಕೆದಕಿ ಹಾಕುವದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಅಂಗಡಿಯೂ ಮಾರುವದಿಲ್ಲ.

ಬಣ್ಣವು ಎಲ್ಲಿ ಮೊದಲು ಹೋಗುವದೆಂದು ಬಲ್ಲವರಿಗೆ ರಕ್ಷಣೆಯ ಖರ್ಚು ಬಹಳ ಕಡಿಮೆ. ಹ್ಯಾಂಡಲಿನ ಕೆಳಗೆ ಬ್ರೇಕಿನ ತಂತಿಗಳು ಉಜ್ಜುವ ಸ್ಥಳ. ಚೈನಿನ ಪಕ್ಕದಲ್ಲಿ ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಕೊಳವೆ, ತಗ್ಗುದಿಬ್ಬದಲ್ಲಿ ಚೈನು ಹಾರಿ ಬಡಿಯುವದು ಅಲ್ಲಿ. ಪೆಡಲಿನ ಅಡಿಯ ಭಾಗ, ಮುಂದಿನ ಚಕ್ರ ಎಸೆಯುವ ಹರಳುಗಳು ಅಲ್ಲಿಗೆ ತಾಕುವವು. ಬೀಗದ ಸರಪಣಿ ಸುತ್ತುವ ಸ್ಥಳ. ಸಣ್ಣ ಪಂಪನ್ನು ಕಟ್ಟಿಕೊಂಡಿದ್ದರೆ ಅದು ತಾಕುವ ಸ್ಥಳ. ಈ ಐದಾರು ಗೇಣು ಜಾಗವನ್ನು ಕಾಪಾಡಿದರೆ ಉಳಿದ ಫ್ರೇಮು ತನ್ನನ್ನು ತಾನೇ ನೋಡಿಕೊಳ್ಳುವದು. ಇದಕ್ಕೆ ಪಾರದರ್ಶಕವಾದ ಅಂಟು ಹಾಳೆಗಳನ್ನು ಈಗ ಬಹಳ ಬೆಲೆಗೆ ಮಾರುತ್ತಾರೆ. ಪಂಕ್ಚರಿನ ಅಂಗಡಿಯಲ್ಲಿ ಎಸೆದ ಹಳೆಯ ಟ್ಯೂಬಿನ ತುಂಡನ್ನು ಕೇಳಿ ತಂದು, ಎರಡು ಬೆರಳು ಅಗಲದ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸುತ್ತಿ ತುದಿಯನ್ನು ಕಟ್ಟಿದರೆ ಅಷ್ಟೇ ಕೆಲಸವಾಗುವದು. ನೋಟಕ್ಕೆ ಚೆಂದವಲ್ಲವೆಂದು ಹುಡುಗಿಯರು ಮೂಗು ಮುರಿಯುವದುಂಟು. ಚೆಂದ ಬೇಕಾದವರು ಹಾಳೆಯನ್ನೇ ಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಆದರೆ ಸೈಕಲ್ಲನ್ನು ತೊಳೆದು, ಬಿಸಿಲಿನಲ್ಲಿ ಪೂರಾ ಒಣಗಿಸಿ, ಆಮೇಲೆ ಅಂಟಿಸಬೇಕು. ಒದ್ದೆಯ ಮೇಲಾಗಲಿ ತುಕ್ಕಿನ ಮೇಲಾಗಲಿ ಅಂಟಿಸಿದರೆ ಒಳಗೇ ತುಕ್ಕು ಬೆಳೆಯುವದು, ಹೊರಗೆ ಕಾಣುವದೂ ಇಲ್ಲ. ಟ್ಯೂಬಿನ ಪಟ್ಟಿಯ ಅಡಿಯಲ್ಲಿಯೂ ನೀರು ನಿಲ್ಲುವದರಿಂದ, ಪ್ರತಿ ವರುಷ ಮಳೆಗಾಲ ಮುಗಿದ ಮೇಲೆ ಅದನ್ನು ಬಿಚ್ಚಿ ಒರಸಿ ಪುನಃ ಸುತ್ತತಕ್ಕದ್ದು. ಕರಾವಳಿಯಲ್ಲಿ ನಾನು ಇದನ್ನು ಮಾಡದೆ ಒಂದು ಸೈಕಲ್ಲನ್ನು ಕಳೆದುಕೊಂಡೆನು. ಪಟ್ಟಿಯನ್ನು ಬಿಚ್ಚಿದಾಗ ಅದರ ಸಂಗಡ ಕೊಳವೆಯ ಚಕ್ಕೆಯೂ ಎದ್ದು ಬಂತು.

ಬಣ್ಣ ಆಗಲೇ ಎದ್ದಿದ್ದರೆ ಸಣ್ಣ ಮರಳು ಕಾಗದದಿಂದ ತುಕ್ಕನ್ನು ಉಜ್ಜಿ ತೆಗೆದು, ಮನೆಯಲ್ಲಿರುವ ಉಗುರಿನ ಬಣ್ಣವನ್ನು ಎರಡು ಸಾರಿ ಬಳಿದರೆ ಕೆಲವು ತಿಂಗಳು ನಡೆಯುವದು. ಉಗುರಿನ ಬಣ್ಣಕ್ಕೆ ಇದಕ್ಕಿಂತ ಉಪಯುಕ್ತವಾದ ಕೆಲಸವನ್ನು ನಾನಂತೂ ಕಂಡಿಲ್ಲ! ಸೀಟಿನ ಕಂಬವನ್ನು ವರುಷಕ್ಕೊಮ್ಮೆ ಹೊರಗೆಳೆದು ಗ್ರೀಸು ಹಚ್ಚಿ ಕೂಡಿಸಬೇಕು. ಮಳೆಯ ನೀರು ಫ್ರೇಮಿನ ಒಳಗೆ ಇಳಿಯುವದು ಹೆಚ್ಚಾಗಿ ಆ ದಾರಿಯಿಂದ, ಮತ್ತು ಬೆಳೆಯುವ ಹುಡುಗಿಗೆ ಸೀಟನ್ನು ಏರಿಸಬೇಕಾದಾಗ ಅದು ಕಚ್ಚಿಕೊಂಡಿರಬಾರದು. ಚೈನಿನ ಕವರನ್ನೂ ಹಿಂದಿನ ಚಕ್ರದ ಬಲೆಯನ್ನೂ ಹಳೆಯ ಕಾಲದವೆಂದು ಕಿತ್ತು ಹಾಕಿಸುವವರಿದ್ದಾರೆ. ಲಂಗ, ಓಢಣಿಗಳು ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನೋಡಿದವರು ಹಾಗೆ ಮಾಡಲಾರರು.

ಇಷ್ಟೆಲ್ಲ ಹೇಳಿದ ಮೇಲೆ ತಾಯಿತಂದೆಗಳು ಮನಸ್ಸಿನಲ್ಲಿ ಅಂದುಕೊಳ್ಳುವ ಮಾತೊಂದು ನನಗೆ ಗೊತ್ತಿದೆ. ಹುಡುಗಿ ಎಣ್ಣೆ ಮಸಿಯಲ್ಲಿ ಕೈ ಹಾಕುವದು ಚೆಂದವೇ? ಅಣ್ಣನೋ ಅಪ್ಪನೋ ಮಾಡಿ ಕೊಡಬಾರದೇ? ಮಾಡಿ ಕೊಡಬಹುದು, ಆದರೆ ಅವರಿಗೆ ಬಿಡುವಾಗುವ ವರೆಗೆ ಸೈಕಲ್ಲು ಗೋಡೆಗೆ ಒರಗಿರುವದು. ಅಂಗಡಿಗೆ ತಾನೇ ಹೋಗಲಿ ಎಂದರೆ, ಆ ಅಂಗಡಿಯ ಮುಂದಿನ ಬೆಂಚಿನ ಮೇಲೆ ದಿನವಿಡೀ ಯಾರು ಯಾರು ಕೂತಿರುವರೆಂಬುದನ್ನು ಹುಡುಗಿಯರ ತಾಯಂದಿರಿಗೆ ನಾನು ಹೇಳಬೇಕಾದುದಿಲ್ಲ. ಗಾಳಿ ಕಡಿಮೆಯಾದ ಸೈಕಲ್ಲನ್ನು ನೂಕಿಕೊಂಡು ಆ ಬೆಂಚಿನ ಮುಂದೆ ನಿಲ್ಲುವದಕ್ಕಿಂತ ಶಾಲೆಗೆ ಹೋಗದಿರುವದೇ ಲೇಸೆಂದು ಸುಮ್ಮನಾದ ಹುಡುಗಿಯರನ್ನು ನಾನು ಬಲ್ಲೆನು. ಅವರು ಮನೆಯಲ್ಲಿ ಕಾರಣವನ್ನು ಹೇಳಿದವರೂ ಅಲ್ಲ. ಅಡಿಗೆ ಮನೆಯ ಮಸಿಗೆ ಒಪ್ಪುವ ಕೈ ಚೈನಿನ ಮಸಿಗೆ ಯಾಕೆ ಒಪ್ಪಬಾರದು? ಎರಡನ್ನೂ ತೊಳೆಯುವದು ಒಂದೇ ಸಾಬೂನು.

ಕೊನೆಗೆ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ವಿಜ್ಞಾಪನೆ. ನಾವು ಕೂಡಿದಾಗಲೆಲ್ಲ ಶಾಲೆಗೆ ಏನಾದರೂ ಕಾಣಿಕೆ ಕೊಡುವ ಪದ್ಧತಿಯುಂಟು. ಗೋಡೆಯ ಗಡಿಯಾರಗಳು ಈಗಾಗಲೇ ಸಾಕಷ್ಟು ಆಗಿವೆ. ಅವುಗಳಲ್ಲಿ ಎರಡು ಒಂದೇ ವೇಳೆಯನ್ನು ತೋರಿಸಿದ್ದನ್ನು ನಾನು ಇನ್ನೂ ನೋಡಬೇಕಾಗಿದೆ. ಈ ಸಾರಿ ಸೈಕಲ್ಲು ನಿಲ್ಲಿಸುವ ಚಪ್ಪರದ ಕೆಳಗೆ ನಿಂತು ಹೊಡೆಯುವ ಎರಡು ಒಳ್ಳೆಯ ಪಂಪುಗಳನ್ನು ಸರಪಣಿಯಿಂದ ಕಟ್ಟಿ ಇಡಿಸೋಣ. ಅದರ ಪಕ್ಕದಲ್ಲಿ ಒಂದು ಡಬ್ಬಿ. ಡಬ್ಬಿಯಲ್ಲಿ ಚರ್ಮದ ವಾಷರುಗಳು, ವಾಲ್ವಿನ ರಬ್ಬರಿನ ನಳಿಕೆಗಳು, ಎಣ್ಣೆಯ ಸೀಸೆ, ಒಂದು ಸ್ಪ್ಯಾನರು, ಹಳೆಯ ಟ್ಯೂಬಿನ ಪಟ್ಟಿಗಳು. ಎಂಟನೆಯ ತರಗತಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಜೂನ್ ತಿಂಗಳಲ್ಲಿ ಒಂದು ಶನಿವಾರ ಮಧ್ಯಾಹ್ನ ಇವನ್ನು ಬಳಸುವ ಬಗೆಯನ್ನು ತೋರಿಸಲು, ಶಾಲೆಯವರು ಒಪ್ಪುವದಾದರೆ, ನಾನು ಬರುವೆನು. ನಮ್ಮ ಓಣಿಯ ಆ ಹುಡುಗಿಯೂ ಬರಲು ಒಪ್ಪಿದ್ದಾಳೆ. ವಾಲ್ವು ಬಿಚ್ಚುವದನ್ನು ಅವಳು ಈಗ ನನಗಿಂತ ಬೇಗ ಮಾಡುತ್ತಾಳೆ.